ಕೊನೆಯವರು ಬಂದ ಮೇಲೆ ವಿರಾಮ

ಹಳ್ಳಿಗಾಡಿನ ಹೊಲ, ತೋಪು, ಗುಡ್ಡಗಳ ನಡುವೆ ಮಾರ್ಗದರ್ಶಕರೊಬ್ಬರ ಜೊತೆಯಲ್ಲಿ ಗುಂಪಾಗಿ ನಡೆಯುವ ಕಾರ್ಯಕ್ರಮಕ್ಕೆ ಹೆಸರು ಕೊಡುವಾಗ ನನ್ನ ನಿರೀಕ್ಷೆ ಸರಳವಾಗಿತ್ತು. ದಾರಿ ಬಲ್ಲವರು ಮುಂದೆ ಹೋಗುತ್ತಾರೆ, ಉಳಿದವರು ಹಿಂಬಾಲಿಸುತ್ತೇವೆ, ನಡುನಡುವೆ ಗಿಡಮರ, ಹಕ್ಕಿಪಕ್ಷಿಗಳ ವಿಷಯ ಒಂದಿಷ್ಟು ಕಿವಿಗೆ ಬೀಳುತ್ತದೆ ಎಂದುಕೊಂಡಿದ್ದೆ. ಅದೆಲ್ಲ ಆಯಿತು. ಆದರೆ ಆ ದಿನವಿಡೀ ನನ್ನ ಗಮನವನ್ನು ಸೆಳೆದು ಹಿಡಿದದ್ದು ಬೇರೆಯೇ ಒಂದು ಸಂಗತಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ, ವಯಸ್ಸಿನಲ್ಲಿಯೂ ಕಾಲಿನ ಬಲದಲ್ಲಿಯೂ ಅಜಗಜಾಂತರವಿರುವ ಹದಿನೆಂಟು ಮಂದಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಗುಂಪಾಗಿ ಉಳಿಸಿಕೊಂಡು, ನಿಧಾನಿಗಳಿಗೆ ಮುಜುಗರವಾಗದಂತೆ, ಚುರುಕಿನವರಿಗೆ ಬೇಸರವಾಗದಂತೆ ನಡೆಸುವುದು ಎಂಥ ಕುಸುರಿ ಕೆಲಸ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹೆಸರು ನೋಂದಾಯಿಸುವ ಹಂತದಲ್ಲಿಯೇ ಇದರ ಸುಳಿವು ಸಿಕ್ಕಿತ್ತೆನ್ನಬೇಕು. ನಮೂನೆಯಲ್ಲಿ ದಾರಿಯ ಉದ್ದ 9 ಕಿಲೋಮೀಟರ್ ಎಂದಿತ್ತು. ಅದರ ಕೆಳಗೆ ಒಟ್ಟು ಏರು 300 ಮೀಟರ್ ಎಂದೂ, ಕಾಲಡಿಯ ನೆಲ ಎಲ್ಲೆಲ್ಲಿ ಕೆಸರು, ಎಲ್ಲೆಲ್ಲಿ ಸಡಿಲ ಕಲ್ಲು ಎಂದೂ ಪ್ರತ್ಯೇಕವಾಗಿ ಬರೆದಿದ್ದರು. ಇಂಥ ಪ್ರಕಟಣೆಗಳಲ್ಲಿ ‘ಸುಲಭ’, ‘ಮಧ್ಯಮ’, ‘ಕಠಿಣ’ ಎಂಬ ದರ್ಜೆಗಳನ್ನು ಕೊಡುವ ರೂಢಿಯಿದೆ. ಆದರೆ ಒಬ್ಬ ಆಯೋಜಕರ ‘ಸುಲಭ’ವು ಇನ್ನೊಬ್ಬರ ‘ಮಧ್ಯಮ’ವಾಗಿರಬಹುದಾದ್ದರಿಂದ ದರ್ಜೆಗಿಂತ ಅಂಕಿಗಳನ್ನು ನಂಬುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ಒಟ್ಟು ಏರು ಎಂಬ ಅಂಕಿಯನ್ನು ಓದುವ ಕ್ರಮ ತಿಳಿದಿರಬೇಕು. ಅದು ಹೊರಟ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಇರುವ ಅಂತರವಲ್ಲ. ದಾರಿಯಲ್ಲಿ ಹತ್ತಿದ ಪ್ರತಿಯೊಂದು ಏರನ್ನೂ ಕೂಡಿಸಿ ಬಂದ ಮೊತ್ತ. ಇಳಿದು ಮತ್ತೆ ಹತ್ತಬೇಕಾದ ಏರುತಗ್ಗಿನ ನೆಲದಲ್ಲಿ ಗುಡ್ಡದ ನೆತ್ತಿ ನೂರೈವತ್ತು ಮೀಟರ್ ಮಾತ್ರ ಮೇಲಿದ್ದರೂ ಕಾಲುಗಳು ಅದರ ಎರಡರಷ್ಟು ಹತ್ತಿರುತ್ತವೆ.

ನಮೂನೆಯ ಇನ್ನೊಂದು ಪುಟದಲ್ಲಿ ಆರೋಗ್ಯದ ಪ್ರಶ್ನೆಗಳಿದ್ದವು: ಉಬ್ಬಸ, ಹೃದಯದ ತೊಂದರೆ, ಮಧುಮೇಹ, ಜೇನುಹುಳು ಕಚ್ಚಿದರೆ ಆಗುವ ಅಲರ್ಜಿ, ಹಳೆಯ ಮಂಡಿನೋವು, ನಿತ್ಯ ತೆಗೆದುಕೊಳ್ಳುವ ಔಷಧ. ತುರ್ತಿನಲ್ಲಿ ಕರೆ ಮಾಡಬೇಕಾದವರ ಹೆಸರನ್ನೂ ಕೇಳಿದ್ದರು. ನಾಲ್ಕು ಹೆಜ್ಜೆ ನಡೆಯುವುದಕ್ಕೆ ಇಷ್ಟೆಲ್ಲ ಏಕೆ ಎಂದು ಅನ್ನಿಸುವುದು ಸಹಜ. ಆದರೆ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರಾದರೂ ಕುಸಿದು ಕುಳಿತರೆ ವಾಹನ ಬರುವುದಿಲ್ಲ. ಆಗ ಮಾರ್ಗದರ್ಶಕರ ಕೈಯಲ್ಲಿರುವುದು ಆ ಒಂದು ಹಾಳೆಯಷ್ಟೇ. ನಮೂನೆ ಕಳಿಸಿದ ಮರುದಿನ ಮಾರ್ಗದರ್ಶಕಿಯೇ ದೂರವಾಣಿ ಕರೆ ಮಾಡಿದರು. ನಿಮಗೆ ನಡೆಯಲು ಆಗುತ್ತದೆಯೇ ಎಂದು ಅವರು ಕೇಳಲಿಲ್ಲ. ಅಂಥ ಪ್ರಶ್ನೆಗೆ ಎಲ್ಲರೂ ಆಗುತ್ತದೆ ಎಂದೇ ಹೇಳುತ್ತಾರೆ. “ನೀವು ಎಲ್ಲಿಯೂ ಕೂರದೆ ಒಂದೂವರೆ ಗಂಟೆ ನಡೆದದ್ದು ಕೊನೆಯದಾಗಿ ಯಾವಾಗ?” ಎಂದು ಕೇಳಿದರು. ಹೋದ ವಾರವೇ ಎಂದೆ. ಯಾವ ಶೂ ಹಾಕಿಕೊಂಡು ಎಂದರು. ಮಾತು ಅಲ್ಲಿಗೆ ಮುಗಿಯಿತು.

ತರಬೇಕಾದ ಸಾಮಾನುಗಳ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು, ತಿನಿಸು, ಮಳೆಯಂಗಿ, ಟೋಪಿ, ಸ್ವಂತದ ಔಷಧ ಎಂಬುವು ಎಲ್ಲ ಕಡೆಯೂ ಇರುವಂಥವೇ. ಎರಡು ಸಾಲುಗಳು ಮಾತ್ರ ಉಪಯುಕ್ತವಾಗಿದ್ದವು. ಹೊಸ ಶೂ ಬೇಡ, ಈಗಾಗಲೇ ಕಾಲಿಗೆ ಹೊಂದಿಕೊಂಡದ್ದೇ ಇರಲಿ ಎಂಬುದು ಮೊದಲನೆಯದು. ಗಾಳಿಯಿರುವ ಎತ್ತರದಲ್ಲಿ ನಿಲ್ಲಬೇಕಾಗುವುದರಿಂದ ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರದಿದ್ದರೆ ಒಳ್ಳೆಯದು ಎಂಬುದು ಎರಡನೆಯದು. ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಏರು ಹತ್ತುವಾಗ ತಿಳಿಯದ ಆ ತೇವ ನಿಂತ ಐದು ನಿಮಿಷದಲ್ಲಿ ಮೈ ಕೊರೆಯತೊಡಗುತ್ತದೆ.

ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಹೊರಡುವುದಕ್ಕೆ ಮುಂಚೆ ಹತ್ತು ನಿಮಿಷದ ಮಾತು ನಡೆಯಿತು. ಮಾರ್ಗದರ್ಶಕಿ ಮಧ್ಯವಯಸ್ಸಿನವರು, ಗಟ್ಟಿ ದನಿಯವರಲ್ಲ. ಗುಂಪು ದೊಡ್ಡದಾಗಿ ನಿಂತಿದ್ದರೂ ದನಿ ಏರಿಸದೆ, ಎಲ್ಲರನ್ನೂ ಅರ್ಧ ವೃತ್ತವಾಗಿ ಹತ್ತಿರಕ್ಕೆ ಕರೆದು, ತಾವು ಸೂರ್ಯನಿಗೆ ಮುಖ ಮಾಡಿ ನಿಂತರು. ಅವರ ಕಣ್ಣಿಗೆ ಬಿಸಿಲು ಬಿದ್ದರೂ ಪರವಾಗಿಲ್ಲ, ನಮ್ಮ ಕಣ್ಣಿಗೆ ಬೀಳಬಾರದು ಎಂಬ ಎಣಿಕೆ ಅದು. ಆ ಮೇಲೆ ಗುಂಪಿನ ಹೊರಗೆ ನಿಂತಿದ್ದ ಯುವಕನೊಬ್ಬನನ್ನು ತೋರಿಸಿ, “ಇವರು ಕೊನೆಯವರು. ಇಡೀ ದಿನ ಇವರ ಹಿಂದೆ ಯಾರೂ ಇರಬಾರದು, ನನ್ನ ಮುಂದೆ ಯಾರೂ ಇರಬಾರದು. ನಮ್ಮಿಬ್ಬರ ನಡುವೆ ನೀವು ಎಲ್ಲಿ ಬೇಕಾದರೂ ಇರಿ” ಎಂದರು. ಶೌಚಕ್ಕೆಂದು ಪಕ್ಕಕ್ಕೆ ಹೋಗುವವರು ಬೆನ್ನುಚೀಲವನ್ನು ದಾರಿಯ ಅಂಚಿನಲ್ಲಿ ಇಟ್ಟು ಹೋಗಬೇಕು, ಚೀಲ ಕಂಡಲ್ಲಿ ಆ ಯುವಕ ನಿಂತು ಕಾಯುತ್ತಾನೆ ಎಂಬ ಏರ್ಪಾಡನ್ನೂ ತಿಳಿಸಿದರು. ಹೇಳಲು ಸಂಕೋಚವಾಗುವ, ಕೇಳಲು ಇನ್ನೂ ಸಂಕೋಚವಾಗುವ ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದು ನನಗೆ ಹಿಡಿಸಿತು.

ಸೀಟಿಯ ಸಂಕೇತವನ್ನೂ ಆಗಲೇ ಕಲಿಸಿದರು. ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದಿದರೆ ನೆರವು ಬೇಕೆಂದು ಅರ್ಥ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಊದಿ ಉತ್ತರಿಸಬೇಕು. ಆಲ್ಪ್ಸ್ ಪರ್ವತಗಳಲ್ಲಿ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ಬಂದ ಸಂಕೇತವಿದು, ಕತ್ತಲಲ್ಲಿ ಟಾರ್ಚಿನ ಬೆಳಕಿನಿಂದಲೂ ಇದೇ ಲೆಕ್ಕದಲ್ಲಿ ಮಾಡಬಹುದು. ನಡುವಿನ ಒಂದು ನಿಮಿಷದ ಮೌನ ಇರುವುದು ದಣಿವಾರಿಸಿಕೊಳ್ಳಲಿಕ್ಕಷ್ಟೇ ಅಲ್ಲ, ಉತ್ತರ ಬಂದರೆ ಕೇಳಿಸಬೇಕು ಎಂಬ ಕಾರಣಕ್ಕೂ ಹೌದು.

ಹೊರಟ ಮೇಲೆ ಮೊದಲು ಅನುಭವಕ್ಕೆ ಬಂದದ್ದು ನಿಧಾನ. ಮಟ್ಟಸವಾದ ಬದುವಿನ ಮೇಲೆ, ಬೆಳಗಿನ ತಂಪಿನಲ್ಲಿ, ಹೊಸ ಹುರುಪಿನಲ್ಲಿರುವ ಕಾಲುಗಳಿಗೆ ಆ ವೇಗ ಹಿಂಸೆಯೆನಿಸುವಷ್ಟು ಕಡಿಮೆಯಿತ್ತು. ನನ್ನ ಪಕ್ಕದಲ್ಲಿದ್ದವರು ಹೀಗೆ ನಡೆದರೆ ಸಂಜೆಯಾದೀತು ಎಂದು ಗೊಣಗಿದರು. ಕಾಲು ಗಂಟೆಯಾಗುತ್ತಿದ್ದಂತೆ ಮಾರ್ಗದರ್ಶಕಿ ನಿಂತು, ಮೇಲಂಗಿ ತೆಗೆಯುವವರು ತೆಗೆಯಿರಿ, ಶೂ ದಾರ ಬಿಗಿ ಅಥವಾ ಸಡಿಲ ಮಾಡಿಕೊಳ್ಳುವವರು ಮಾಡಿಕೊಳ್ಳಿ ಎಂದರು. ಬಹುತೇಕ ಎಲ್ಲರಿಗೂ ಏನಾದರೊಂದು ಮಾಡಬೇಕಾಗಿತ್ತು. ಆದರೆ ಯಾರೂ ತಾವಾಗಿ ನಿಲ್ಲಿಸುವಂತೆ ಕೇಳುತ್ತಿರಲಿಲ್ಲ. ಮೈ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಈ ಚಿಕ್ಕ ನಿಲುಗಡೆಯನ್ನು ಇಟ್ಟುಕೊಂಡರೆ ಮುಂದಿನ ಒಂದು ಗಂಟೆಯಲ್ಲಿ ಒಬ್ಬೊಬ್ಬರೇ ನಿಂತು ಸಾಲು ಒಡೆಯುವುದು ತಪ್ಪುತ್ತದೆ.

ಸಾಲು ಒಡೆಯುವುದೆಂದರೇನು ಎಂಬುದು ಆ ದಿನದ ಮುಖ್ಯ ಪಾಠವಾಯಿತು. ಸಾಲಾಗಿ ನಡೆಯುವ ಗುಂಪು ಹಾರ್ಮೋನಿಯಂನ ತಿದಿಯಂತೆ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಮುಂದಿನವರು ಒಂದು ಬೇಲಿ ದಾಟಲು ಅರ್ಧ ನಿಮಿಷ ನಿಧಾನಿಸಿದರೆ ಹಿಂದಿನವರೆಲ್ಲ ಅಲ್ಲಿ ಗುಂಪುಗೂಡುತ್ತಾರೆ; ಮುಂದಿನವರು ದಾಟಿ ಮೊದಲಿನ ವೇಗಕ್ಕೆ ಮರಳಿದಾಗ ಹಿಂದಿನವರು ಇನ್ನೂ ಬೇಲಿಯ ಬಳಿಯಲ್ಲೇ ಇರುತ್ತಾರೆ. ಅಂತರ ತುಂಬಲು ಕೊನೆಯವರು ಓಡುನಡಿಗೆಯಲ್ಲಿ ಬರಬೇಕಾಗುತ್ತದೆ. ಹೀಗೆ ಪ್ರತಿಯೊಂದು ಅಡೆತಡೆಯಲ್ಲಿಯೂ ಸಾಲಿನ ತಲೆಯಲ್ಲಿರುವವರು ಒಂದೇ ಹದದಲ್ಲಿ ನಡೆದರೆ ಬಾಲದಲ್ಲಿರುವವರು ನಿಲ್ಲುವುದು, ಧಾವಿಸುವುದು, ಮತ್ತೆ ನಿಲ್ಲುವುದು ಎಂಬ ಚಕ್ರದಲ್ಲಿ ಸಿಕ್ಕಿಬೀಳುತ್ತಾರೆ. ಸಾಮಾನ್ಯವಾಗಿ ಬಾಲದಲ್ಲಿರುವವರು ನಿಧಾನ ನಡೆಯುವವರೇ ಆಗಿರುವುದರಿಂದ ಹೆಚ್ಚಿನ ದಣಿವು ಅದನ್ನು ತಾಳಲಾರದವರ ಪಾಲಿಗೇ ಬರುತ್ತದೆ.

ವಿರಾಮದಲ್ಲಿ ಈ ಅನ್ಯಾಯ ಇಮ್ಮಡಿಯಾಗುತ್ತದೆ. ಮುಂದಿನವರು ಮರದ ನೆರಳು ತಲುಪಿ, ಕುಳಿತು, ನೀರು ಕುಡಿದು, ಎಂಟು ನಿಮಿಷ ಹರಟುತ್ತಾರೆ. ಒಂಬತ್ತನೆಯ ನಿಮಿಷಕ್ಕೆ ಕೊನೆಯವರು ಏದುಸಿರು ಬಿಡುತ್ತಾ ಬಂದು ಸೇರುತ್ತಾರೆ. ಹತ್ತನೆಯ ನಿಮಿಷಕ್ಕೆ “ಎಲ್ಲರೂ ಬಂದಾಯಿತಲ್ಲ, ಹೊರಡೋಣ” ಎಂಬ ಮಾತು ಬರುತ್ತದೆ. ವಿಶ್ರಾಂತಿ ಯಾರಿಗೆ ಬೇಕಿತ್ತೋ ಅವರಿಗೆ ಸಿಕ್ಕಿರುವುದಿಲ್ಲ. ಗೆಳೆಯರ ಗುಂಪಿನ ಪ್ರವಾಸಗಳಲ್ಲಿ ಹೀಗಾಗುವುದನ್ನು ಎಷ್ಟೋ ಸಲ ಕಂಡಿದ್ದರೂ ಅದನ್ನು ಸರಿಪಡಿಸಬಹುದಾದ ವಿಷಯವೆಂದು ನಾನು ನೋಡಿರಲಿಲ್ಲ. ನಮ್ಮ ಮಾರ್ಗದರ್ಶಕಿಯ ನಿಯಮ ಸ್ಪಷ್ಟವಾಗಿತ್ತು: ಹತ್ತು ನಿಮಿಷದ ವಿರಾಮವೆಂದರೆ ಆ ಯುವಕ ಬಂದು ಚೀಲ ಕೆಳಗಿಟ್ಟ ಕ್ಷಣದಿಂದ ಹತ್ತು ನಿಮಿಷ. ಅವರು ಗಡಿಯಾರ ನೋಡುತ್ತಿದ್ದದ್ದು ತಾವು ನಿಂತಾಗ ಅಲ್ಲ, ಅವನು ಕೈ ಎತ್ತಿದಾಗ. ಕೈ ಎತ್ತುವುದಕ್ಕೆ ಮುಂಚೆ ಅವನು ತುಟಿಯಾಡಿಸುತ್ತಾ ತಲೆಗಳನ್ನು ಎಣಿಸುತ್ತಿದ್ದ. ಮುಂದಿನಿಂದ ಇವರೂ ಎಣಿಸುತ್ತಿದ್ದರು. ಇಬ್ಬರ ಲೆಕ್ಕವೂ ಹೊಂದಿದರೆ ಮಾತ್ರ ವಿರಾಮದ ಗಡಿಯಾರ ಓಡುತ್ತಿತ್ತು.

ಎರಡನೆಯ ನಿಲುಗಡೆಯಲ್ಲಿ ಅವರ ಕೈಯಲ್ಲಿದ್ದ ಚೀಟಿಯನ್ನು ನೋಡುವ ಅವಕಾಶ ಸಿಕ್ಕಿತು. ಅಂಗೈಯಗಲದ ದಪ್ಪ ಕಾಗದ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಕೆ. ಎಡಗಡೆ ದಾರಿಯ ಗುರುತುಗಳು: ಬೇಲಿ, ತೊರೆ, ಒಂಟಿಮರ, ನೆತ್ತಿ. ನಡುವೆ ಅಲ್ಲಿಗೆ ತಲುಪಬೇಕಾದ ಸಮಯ, ಬಲಗಡೆ ತಲುಪಿದ ಸಮಯ ಬರೆಯಲು ಖಾಲಿ ಜಾಗ. ತಲುಪಬೇಕಾದ ಸಮಯವನ್ನು ಹೇಗೆ ಲೆಕ್ಕ ಹಾಕಿದಿರಿ ಎಂದು ಕೇಳಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಸೂಚಿಸಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆಯಂತೆ. ಮಟ್ಟಸ ನೆಲದಲ್ಲಿ ಮೂರು ಮೈಲಿಗೆ ಒಂದು ಗಂಟೆ, ಹತ್ತುವ ಪ್ರತಿ 2000 ಅಡಿಗೆ ಹೆಚ್ಚುವರಿಯಾಗಿ ಒಂದು ಗಂಟೆ. ಇಂದಿನ ಅಳತೆಯಲ್ಲಿ ಸುಮಾರಾಗಿ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ನಮ್ಮ 9 ಕಿಲೋಮೀಟರಿಗೆ 1 ಗಂಟೆ 48 ನಿಮಿಷ, 300 ಮೀಟರ್ ಏರಿಗೆ 30 ನಿಮಿಷ, ಒಟ್ಟು 2 ಗಂಟೆ 18 ನಿಮಿಷವಾಗುತ್ತದೆ. ಆದರೆ ಅವರ ಚೀಟಿಯಲ್ಲಿದ್ದದ್ದು ನಾಲ್ಕೂವರೆ ಗಂಟೆ. ಆ ಸೂತ್ರ ಹದವಾದ ಮೈಕಟ್ಟಿನ, ನಿಲ್ಲದೆ ನಡೆಯುವ ವ್ಯಕ್ತಿಗೆ ಹೊಂದುವಂಥದ್ದು. ನಿಲುಗಡೆ, ಬೇಲಿ ದಾಟುವುದು, ಹಕ್ಕಿ ನೋಡುವುದು, ಹದಿನೆಂಟು ಮಂದಿ ಶೂ ದಾರ ಕಟ್ಟುವುದು ಅದರಲ್ಲಿ ಸೇರಿಲ್ಲ. ಗುಂಪು ದೊಡ್ಡದಾದಷ್ಟೂ ಸೂತ್ರದ ಸಮಯವನ್ನು ಎಳೆದು ಹಿಗ್ಗಿಸಿಕೊಳ್ಳಬೇಕು ಎಂದು ಅವರು ವಿವರಿಸಿದರು. ಬೆಳಗಿನ ಆ ನಿಧಾನ ಆಲಸ್ಯವಾಗಿರಲಿಲ್ಲ, ಚೀಟಿಯಲ್ಲಿ ಬರೆದಿಟ್ಟದ್ದಾಗಿತ್ತು.

ಬೇಲಿಯೊಂದರ ಉಣುಗೋಲನ್ನು ಸರಿಸಿ ಒಳಗೆ ಹೋಗುವಾಗ ದಾರಿ ಯಾರದ್ದು ಎಂಬ ಪ್ರಶ್ನೆ ಬಂತು. ನಾವು ನಡೆಯುತ್ತಿದ್ದ ಹೊಲದ ಮಾಲೀಕರಿಂದ ಅವರು ಮೊದಲೇ ಒಪ್ಪಿಗೆ ಪಡೆದಿದ್ದರು. ಇದು ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿಲ್ಲ. ನಾರ್ವೆಯಲ್ಲಿ ಸಾಗುವಳಿ ಮಾಡದ ನೆಲದಲ್ಲಿ ಯಾರು ಬೇಕಾದರೂ ನಡೆಯುವ ಹಕ್ಕನ್ನು 1957ರ ಕಾಯ್ದೆಯೊಂದು ಕೊಟ್ಟಿದೆ; ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಅಂಥದೇ ಹಕ್ಕನ್ನು, ಹೊಣೆಗಾರಿಕೆಯಿಂದ ನಡೆದುಕೊಳ್ಳಬೇಕೆಂಬ ಷರತ್ತಿನ ಮೇಲೆ, ನೀಡಿದೆ. ಇಂಗ್ಲೆಂಡಿನಲ್ಲಿ 1932ರ ಏಪ್ರಿಲ್‌ನಲ್ಲಿ ಕಿಂಡರ್ ಸ್ಕೌಟ್ ಎಂಬ ಪ್ರಸ್ಥಭೂಮಿಗೆ ನೂರಾರು ಮಂದಿ ಅನುಮತಿಯಿಲ್ಲದೆ ಗುಂಪಾಗಿ ನಡೆದು ಹೋಗಿ, ಅವರಲ್ಲಿ ಕೆಲವರು ಸೆರೆಮನೆ ಕಂಡಿದ್ದರು. ಅಲ್ಲಿ ಬೆಟ್ಟಗಾಡು, ಬಯಲುಗಳಲ್ಲಿ ನಡೆಯುವ ಹಕ್ಕು ವಿಸ್ತಾರವಾಗಿ ಸಿಕ್ಕಿದ್ದು 2000ದ ಕಾಯ್ದೆಯಿಂದ. ಹಕ್ಕಿರಲಿ, ಒಪ್ಪಿಗೆಯಿರಲಿ, ನಡೆಯುವವರು ಪಾಲಿಸಬೇಕಾದದ್ದು ಮಾತ್ರ ಒಂದೇ. ಗೇಟು ಮುಚ್ಚಿದ್ದರೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ದನಗಳಿಗೆ ನೀರಿನ ದಾರಿಯಾಗಲೆಂದು ರೈತರು ತೆರೆದಿಟ್ಟ ಗೇಟನ್ನು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿ ಹೋಗಿಬಿಡುತ್ತಾರೆ.

ಕೆಸರಿನಲ್ಲಿ ನಡೆಯುವ ಕ್ರಮವೂ ನನಗೆ ಹೊಸದಾಗಿತ್ತು. ದಾರಿಯ ನಡುವೆ ರಾಡಿ ಕಂಡೊಡನೆ ಎಲ್ಲರೂ ಅಂಚಿನ ಹುಲ್ಲಿನ ಮೇಲೆ ಸುತ್ತಿ ಹೋಗಲು ಹೊರಟೆವು. ಅವರು ತಡೆದು ನಡುವಿನಲ್ಲಿಯೇ ಹೋಗಲು ಹೇಳಿದರು. ಅಂಚನ್ನು ತುಳಿದರೆ ಹುಲ್ಲು ಸತ್ತು ಅಂಚೂ ರಾಡಿಯಾಗುತ್ತದೆ, ಮುಂದೆ ಬರುವವರು ಇನ್ನೂ ಆಚೆ ಸುತ್ತುತ್ತಾರೆ, ಒಂದಡಿ ಅಗಲದ ಕಾಲುದಾರಿ ಕೆಲವೇ ವರ್ಷಗಳಲ್ಲಿ ಗಾಡಿದಾರಿಯಷ್ಟಾಗುತ್ತದೆ. ಶೂಗಳನ್ನು ಕಾಪಾಡಿಕೊಳ್ಳುವುದಕ್ಕಿಂತ ದಾರಿಯನ್ನು ಕಾಪಾಡುವುದು ಮುಖ್ಯ ಎಂದು ಎಲ್ಲರೂ ಒಪ್ಪಿದರೆನ್ನಲಾರೆ. ಇಬ್ಬರು ಕೊನೆಯವರೆಗೂ ಕದ್ದು ಅಂಚಿನಲ್ಲೇ ನಡೆದರು.

ಮುಂದಿನ ಹುಲ್ಲುಗಾವಲಿನಲ್ಲಿ ಹಸುಗಳಿದ್ದವು, ಅವುಗಳ ಬದಿಯಲ್ಲಿ ಕರುಗಳೂ ಇದ್ದವು. ದಾರಿ ನೇರವಾಗಿ ಅವುಗಳ ನಡುವೆ ಹಾದು ಹೋಗುತ್ತಿತ್ತು. ಮಾರ್ಗದರ್ಶಕಿ ಬೇಲಿಯ ಹೊರಗೇ ನಿಂತು, ಎಲ್ಲರೂ ಬರುವವರೆಗೆ ಕಾದು, ಸಾಲನ್ನು ಬಿಡಿಸಿ ನಮ್ಮನ್ನು ಒತ್ತೊತ್ತಾಗಿ ಸೇರಿಸಿದರು. ತಾಯಿಗೂ ಕರುವಿಗೂ ನಡುವೆ ಹೋಗಬಾರದು, ಓಡಬಾರದು, ಕೈಬೀಸಬಾರದು, ಕರುವನ್ನು ಮುಟ್ಟುವ ಆಸೆ ಬೇಡ, ದಾರಿ ಬಿಟ್ಟು ದೊಡ್ಡದಾಗಿ ಸುತ್ತಿಕೊಂಡು ಹೋಗೋಣ ಎಂದರು. ಒಂದು ಹಸು ತಲೆಯೆತ್ತಿ, ಮೆಲುಕು ನಿಲ್ಲಿಸಿ, ನಾವು ಹೋಗುವ ದಿಕ್ಕಿಗೆ ಮೈ ತಿರುಗಿಸುತ್ತಾ ಬಂತು. ಅದರ ಕಿವಿಗಳು ಮುಂದಕ್ಕೆ ಚಾಚಿದ್ದವು. ನಾವು ಆಚೆ ಗೇಟು ತಲುಪಿದ ಮೇಲೆಯೇ ಅದು ಮತ್ತೆ ಹುಲ್ಲಿಗೆ ಬಾಯಿ ಹಾಕಿದ್ದು. ಈ ಕಾರ್ಯಕ್ರಮಕ್ಕೆ ನಾಯಿಗಳನ್ನು ತರಬಾರದು ಎಂದು ನಮೂನೆಯಲ್ಲಿ ಬರೆದದ್ದರ ಕಾರಣ ಆಗ ತಿಳಿಯಿತು. ಕರುವಿರುವ ಹಸುವಿಗೆ ಮನುಷ್ಯರಿಗಿಂತ ನಾಯಿಯ ಮೇಲೆ ಹೆಚ್ಚು ಸಿಟ್ಟು. ಅದು ನಾಯಿಯನ್ನು ಅಟ್ಟಿಸಿಕೊಂಡು ಬಂದಾಗ ಹಗ್ಗ ಹಿಡಿದ ಒಡೆಯರೂ ಅದರ ಕೊಂಬಿನ ದಾರಿಯಲ್ಲಿರುತ್ತಾರೆ. ಅಂಥ ಸಂದರ್ಭದಲ್ಲಿ ಹಗ್ಗ ಬಿಟ್ಟುಬಿಡುವುದೇ ಸರಿಯಾದ ಕ್ರಮ.

ತೊರೆಯನ್ನು ದಾಟುವುದು ಕಷ್ಟವೇನಾಗಲಿಲ್ಲ, ನೀರು ಮೊಣಕಾಲಿಗಿಂತ ಕೆಳಗಿತ್ತು. ಬೆನ್ನುಚೀಲದ ಸೊಂಟಪಟ್ಟಿಯನ್ನು ಬಿಚ್ಚಿಕೊಳ್ಳಬೇಕು, ಜಾರಿ ಬಿದ್ದರೆ ಚೀಲವನ್ನು ಕಳಚಿ ಏಳಲು ಸುಲಭ ಎಂಬುದೊಂದನ್ನು ಹೇಳಿ ಒಬ್ಬೊಬ್ಬರನ್ನೇ ದಾಟಿಸಿದರು. ನಿಜವಾದ ಸ್ವಾರಸ್ಯವಿದ್ದದ್ದು ಆಚೆ ದಡದ ಹಸಿಮಣ್ಣಿನಲ್ಲಿ. ಒಂದು ಮೊಳದ ಅಂತರದಲ್ಲಿ ಎರಡು ಬಗೆಯ ಹೆಜ್ಜೆ ಗುರುತುಗಳಿದ್ದವು. ಎರಡಕ್ಕೂ ನಾಲ್ಕು ಬೆರಳು, ಒಂದು ದಿಂಡು. ಮೊದಲನೆಯದರಲ್ಲಿ ಬೆರಳುಗಳ ಮುಂದೆ ಸೂಜಿ ಚುಚ್ಚಿದಂಥ ಗುಳಿಗಳಿದ್ದವು, ಗುರುತು ಅಗಲಕ್ಕಿಂತ ಉದ್ದವಾಗಿತ್ತು. ಅದು ನಾಯಿಯ ಜಾತಿಯದು. ಎರಡನೆಯದು ಬಹುಮಟ್ಟಿಗೆ ದುಂಡಗಿತ್ತು, ಉಗುರಿನ ಗುಳಿಗಳಿರಲಿಲ್ಲ, ಅಂಗಾಲಿನ ದಿಂಡಿನ ಹಿಂಭಾಗದಲ್ಲಿ ಮೂರು ಉಬ್ಬುಗಳು ಸ್ಪಷ್ಟವಾಗಿ ಒತ್ತಿದ್ದವು. ಅದು ಬೆಕ್ಕಿನ ಜಾತಿಯದು. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಂಡಿರುತ್ತವೆ, ನಾಯಿಯ ಜಾತಿಯವಕ್ಕೆ ಅದು ಸಾಧ್ಯವಿಲ್ಲ. ಗುರುತಿನ ಅಂಚು ಇನ್ನೂ ಚೂಪಾಗಿತ್ತು, ಒಳಗೆ ಉದುರಿದ ಎಲೆಯಾಗಲಿ ಧೂಳಾಗಲಿ ಇರಲಿಲ್ಲ; ಹಿಂದಿನ ರಾತ್ರಿಯದೋ ಮುಂಜಾವಿನದೋ ಇರಬೇಕು. ಹದಿನೆಂಟು ಮಂದಿಯೂ ಅದನ್ನು ನೋಡಬೇಕೆಂದು ಮಾರ್ಗದರ್ಶಕಿ ಅದರ ಸುತ್ತ ಕಡ್ಡಿಗಳನ್ನು ನೆಟ್ಟು, ಮುಂದಿನ ನಾಲ್ವರು ನೋಡಿದ ಮೇಲೆ ಅವರನ್ನು ಮುಂದಕ್ಕೆ ಕಳಿಸಿ, ಹಿಂದಿನ ನಾಲ್ವರನ್ನು ಕರೆದರು. ಗುಂಪು ದೊಡ್ಡದಾದಾಗ ವಿವರಣೆ ಮುಂದಿನ ಐದಾರು ಮಂದಿಗೇ ಸೀಮಿತವಾಗಿ, ಹಿಂದಿನವರು ಏನು ತೋರಿಸಿದರು ಎಂದು ಕೇಳುತ್ತಾ ಬರುವುದು ಸಾಮಾನ್ಯ. ಮಾರ್ಗದರ್ಶಕಿ ಹೆಚ್ಚಿನ ಕಡೆ ತೋರಿಸಬೇಕಾದ ವಸ್ತುವನ್ನು ದಾಟಿ ನಡೆದು ಹೋಗಿ, ಸಾಲಿನ ನಡುಭಾಗ ಅದರ ಎದುರು ಬಂದಾಗ ನಿಂತು, ತಾವು ಹಿಂದಕ್ಕೆ ಬಂದು ಮಾತನಾಡುತ್ತಿದ್ದರು.

ತೊರೆಯಾಚೆ ಏರು ಶುರುವಾಯಿತು. ಅಲ್ಲಿ ಒಂದು ಬದಲಾವಣೆಯನ್ನು ಎಷ್ಟು ನಾಜೂಕಾಗಿ ಮಾಡಿದರೆಂದರೆ ಅರ್ಧ ಏರು ಮುಗಿಯುವವರೆಗೆ ನನಗೆ ತಿಳಿಯಲೇ ಇಲ್ಲ. ಗುಂಪಿನಲ್ಲಿದ್ದ ಹಿರಿಯರೊಬ್ಬರು ಬೆಳಗಿನಿಂದ ಕೊನೆಯ ಯುವಕನ ಜೊತೆಯಲ್ಲಿಯೇ ಬರುತ್ತಿದ್ದರು. ಏರಿನ ಬುಡದಲ್ಲಿ ಮಾರ್ಗದರ್ಶಕಿ ಅವರ ಬಳಿ ಹೋಗಿ, “ಸರ್, ಈ ಮರಗಳ ಬಗ್ಗೆ ನೀವು ಆಗ ಏನೋ ಹೇಳುತ್ತಿದ್ದಿರಲ್ಲ, ನನ್ನ ಜೊತೆ ಮುಂದೆ ಬನ್ನಿ, ಮಾತಾಡಿಕೊಂಡು ಹತ್ತೋಣ” ಎಂದು ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಗುಂಪಿನ ವೇಗವನ್ನು ನಿರ್ಧರಿಸಿದವರು ಆ ಹಿರಿಯರೇ. ಅವರು ಮಾತಾಡಬಲ್ಲ ವೇಗವೇ ಎಲ್ಲರ ವೇಗವಾಯಿತು. ಉಸಿರು ಕಟ್ಟದೆ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ದೇಹಕ್ಕೆ ಹದವಾದ ಶ್ರಮ ಎಂದು ವೈದ್ಯರೂ ಹೇಳುತ್ತಾರೆ. ಮಾತು ಎರಡು ಮೂರು ಪದಗಳಿಗೆ ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಸಾಲಿನ ಬಾಲದಲ್ಲಿದ್ದಾಗ ಎರಡು ಸಲ ಕುಳಿತುಬಿಟ್ಟಿದ್ದ ಅವರು ತಲೆಯಲ್ಲಿದ್ದಾಗ ನೆತ್ತಿಯವರೆಗೆ ಒಮ್ಮೆಯೂ ಕೂರಲಿಲ್ಲ. ಕಾಲುಗಳು ಅವೇ, ಸಾಲಿನಲ್ಲಿ ಅವರ ಜಾಗ ಮಾತ್ರ ಬದಲಾಗಿತ್ತು.

ಚುರುಕಿನವರ ಸಮಸ್ಯೆ ಬೇರೆ ಬಗೆಯದು. ನಿತ್ಯ ಓಟದ ಅಭ್ಯಾಸವಿದ್ದ ಒಬ್ಬರು ಮಾರ್ಗದರ್ಶಕಿಯ ಹಿಮ್ಮಡಿ ತುಳಿಯುವಷ್ಟು ಹತ್ತಿರ ನಡೆಯುತ್ತಾ, ಆಗಾಗ ಪಕ್ಕಕ್ಕೆ ಬಂದು ಮುಂದೆ ದಾಟುವ ಸೂಚನೆ ಕೊಡುತ್ತಿದ್ದರು. ಅವರಿಗೆ ಎಲ್ಲ ಗೇಟುಗಳ ಜವಾಬ್ದಾರಿ ಸಿಕ್ಕಿತು. ಗೇಟು ಕಂಡೊಡನೆ ಬೇಗ ಹೋಗಿ ತೆರೆದು ಹಿಡಿಯುವುದು, ಕೊನೆಯ ಯುವಕ ದಾಟಿದ ಮೇಲೆ ಮುಚ್ಚುವುದು, ಆಮೇಲೆ ಇಡೀ ಸಾಲನ್ನು ದಾಟಿ ಮತ್ತೆ ಮುಂದಕ್ಕೆ ಬರುವುದು. ಅವರಿಗೆ ಬೇಕಿದ್ದ ಬಿರುನಡಿಗೆ ಅದರಿಂದ ದಕ್ಕಿತು, ಬೇಲಿಯ ಬಳಿ ಆಗುತ್ತಿದ್ದ ತಡವೂ ಕಡಿಮೆಯಾಯಿತು. ಫೋಟೋ ತೆಗೆಯಲು ಪದೇ ಪದೇ ನಿಲ್ಲುವವರಿಗೆ ಮಾತ್ರ ಮಾರ್ಗದರ್ಶಕಿಯ ಬಳಿಯೂ ಮದ್ದಿರಲಿಲ್ಲ.

ನೆತ್ತಿಯಲ್ಲಿ ಊಟದ ವಿರಾಮ. ಅಲ್ಲಿ ಒಂದು ಬಂಡೆಯ ಮೈಮೇಲೆ ಬೂದು, ಹಳದಿ, ಹಸಿರು ಬಣ್ಣದ ಕಲ್ಲುಹೂವು ಹಬ್ಬಿತ್ತು. ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ತಲೆಯನ್ನೇ ಬಂಡೆಯತ್ತ ಬಾಗಿಸಿ ನೋಡುವುದನ್ನು ಕಲಿಸಿದರು. ದೂರದಿಂದ ಬಣ್ಣ ಬಳಿದಂತೆ ಕಾಣುತ್ತಿದ್ದ ಕಲೆಯಲ್ಲಿ ಬಿರುಕುಬಿಟ್ಟ ಚಿಕ್ಕ ಚಿಕ್ಕ ತುಣುಕುಗಳೂ ಅವುಗಳ ನಡುವೆ ಕರಿಯ ಬಟ್ಟಲುಗಳೂ ಕಂಡವು. ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರ. ಚಳಿ ಪ್ರದೇಶದ ಬೆಟ್ಟಗಳಲ್ಲಿ ನಕ್ಷೆಯಂತೆ ಹರಡುವ ಒಂದು ಬಗೆ ವರ್ಷಕ್ಕೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಬೆಳೆಯುತ್ತದೆ. ಅದರ ಅಗಲವನ್ನು ಅಳೆದು, ಹಿಮನದಿ ಹಿಂದೆ ಸರಿದು ಬಂಡೆ ಬಯಲಾಗಿ ಎಷ್ಟು ಕಾಲವಾಯಿತೆಂದು ಅಂದಾಜಿಸುವ ವಿಧಾನವನ್ನು ಸಸ್ಯವಿಜ್ಞಾನಿ ರೋಲ್ಯಾಂಡ್ ಬೆಶೆಲ್ 1950ರ ಸುಮಾರಿಗೆ ರೂಪಿಸಿದರು. ಇದನ್ನು ಕೇಳಿದ ಮೇಲೆ ಬಂಡೆಯ ಮೇಲೆ ಕುಳಿತಿದ್ದ ಇಬ್ಬರು ಎದ್ದು ಹುಲ್ಲಿನ ಮೇಲೆ ಕುಳಿತರು.

ಅಲ್ಲಿಯೇ ಯುವತಿಯೊಬ್ಬರು ಹಿಮ್ಮಡಿ ಉರಿಯುತ್ತಿದೆ ಎಂದರು, ಆದರೆ ಪರವಾಗಿಲ್ಲ ಎಂದೂ ಸೇರಿಸಿದರು. ಮಾರ್ಗದರ್ಶಕಿ ಶೂ ಬಿಚ್ಚಿಸಿಯೇ ಬಿಟ್ಟರು. ಚರ್ಮ ಕೆಂಪಾಗಿತ್ತು, ನೀರುಗುಳ್ಳೆ ಇನ್ನೂ ಎದ್ದಿರಲಿಲ್ಲ. ಗುಳ್ಳೆ ಏಳುವುದು ಚರ್ಮದ ಪದರಗಳು ಒಂದರ ಮೇಲೊಂದು ಎಳೆದಾಡಲ್ಪಟ್ಟು ಬಿಟ್ಟುಕೊಂಡಾಗ. ಬೆವರಿನ ತೇವವಿದ್ದರೆ ಅದು ಬೇಗ ಆಗುತ್ತದೆ. ಅವರು ಹಿಮ್ಮಡಿಯನ್ನು ಒರೆಸಿ ಒಣಗಿಸಿ, ಟೇಪಿನ ತುಂಡನ್ನು ಕತ್ತರಿಸಿ, ಅದರ ನಾಲ್ಕು ಮೂಲೆಗಳನ್ನೂ ದುಂಡಗೆ ಸವರಿ, ಸುಕ್ಕಿಲ್ಲದಂತೆ ಅಂಟಿಸಿದರು. ಮೂಲೆ ಚೂಪಾಗಿದ್ದರೆ ಕಾಲುಚೀಲಕ್ಕೆ ಸಿಕ್ಕಿ ಸುರುಳಿಯೇಳುತ್ತದೆ, ಆ ಸುರುಳಿಯೇ ಇನ್ನೊಂದು ಗುಳ್ಳೆಗೆ ಕಾರಣವಾಗುತ್ತದೆ. ಉರಿ ಶುರುವಾದಾಗ ಹೇಳಿದರೆ ಎರಡು ನಿಮಿಷದ ಕೆಲಸ, ಗುಳ್ಳೆ ಒಡೆದ ಮೇಲೆ ಹೇಳಿದರೆ ಇಡೀ ಗುಂಪಿನ ವೇಗ ಅರ್ಧಕ್ಕಿಳಿಯುತ್ತದೆ. ಇದನ್ನು ಕೇಳಿ ಇನ್ನಿಬ್ಬರು ಮಾತಿಲ್ಲದೆ ತಮ್ಮ ಶೂ ಬಿಚ್ಚತೊಡಗಿದರು.

ಇಳಿಯುವುದು ಸುಲಭ ಎಂಬ ನಂಬಿಕೆಯೊಂದಿದೆ. ಶ್ವಾಸಕ್ಕೆ ಸುಲಭವೇ ಹೌದು, ಕಾಲಿಗೆ ಅಲ್ಲ. ಭೂಗೋಳಶಾಸ್ತ್ರಜ್ಞ ವಾಲ್ಡೋ ಟೋಬ್ಲರ್ 1993ರಲ್ಲಿ ಪ್ರಕಟಿಸಿದ ನಡಿಗೆಯ ಸೂತ್ರದ ಪ್ರಕಾರ ಮನುಷ್ಯ ಅತಿ ವೇಗವಾಗಿ ನಡೆಯುವುದು ಮಟ್ಟಸ ನೆಲದಲ್ಲಲ್ಲ, ನೂರು ಮೀಟರಿಗೆ ಐದು ಮೀಟರ್ ತಗ್ಗುವಂಥ ಹಗುರ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ವೇಗ ಮತ್ತೆ ಕುಸಿಯುತ್ತಾ ಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ, ಒಂದೆರಡು ದಿನಗಳ ನಂತರ ಕಾಣಿಸಿಕೊಳ್ಳುವ ನೋವಿಗೆ ಮುಖ್ಯ ಕಾರಣ ಈ ಬಗೆಯ ಕೆಲಸವೇ. ಹೊರಡುವ ಮುಂಚೆ ಎಲ್ಲರಿಂದಲೂ ಶೂ ದಾರವನ್ನು ಪಾದದ ಮಣಿಗಂಟಿನ ಬಳಿ ಬಿಗಿ ಮಾಡಿಸಿದರು; ಇಲ್ಲವಾದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಶೂವಿನ ಮೂತಿಗೆ ಗುದ್ದುತ್ತದೆ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಚಿರಲಿ, ಕೋಲಿದ್ದರೆ ಅದು ಹೆಜ್ಜೆಗಿಂತ ಮುಂಚೆ ಕೆಳಗೆ ಊರಲಿ ಎಂದರು. ಸಡಿಲ ಕಲ್ಲುಗಳಿದ್ದ ಕಡೆ ಒಬ್ಬರ ತಲೆಯ ನೇರಕ್ಕೆ ಮೇಲೆ ಇನ್ನೊಬ್ಬರು ಬರದಂತೆ ಓರೆಯಾಗಿ, ಮೂರು ಮೂರು ಮಂದಿಯಾಗಿ ಇಳಿಸಿದರು. ಗುಂಪು ಈ ಹೊತ್ತಿಗೆ ದಣಿದಿತ್ತು, ಮನೆಯ ಯೋಚನೆಯಲ್ಲಿತ್ತು. ಕೊನೆಯ ಭಾಗ ಬರೀ ಇಳಿಜಾರು ಎಂದು ಮಾರ್ಗದರ್ಶಕರು ಸಡಿಲ ಬಿಡುವ ನಡಿಗೆಗಳಲ್ಲಿ ಕಾಲು ಉಳುಕುವುದು ಇಂಥಲ್ಲಿಯೇ. ಇವರು ಇಲ್ಲಿ ಮಾತು ಕಡಿಮೆ ಮಾಡಿ, ಎಣಿಕೆ ಹೆಚ್ಚು ಮಾಡಿದರು.

ಹೊರಟ ಜಾಗಕ್ಕೆ ತಲುಪಿದಾಗ ಚೀಟಿಯ ಬಲಭಾಗದಲ್ಲಿ ಬರೆದ ಸಮಯ ಯೋಜನೆಗಿಂತ ಹನ್ನೊಂದು ನಿಮಿಷ ಹೆಚ್ಚಾಗಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ ಯಾರಿಗೋ ಕರೆ ಮಾಡಿ ಎಲ್ಲರೂ ಕೆಳಗೆ ಬಂದೆವು ಎಂದು ತಿಳಿಸಿದ್ದು. ಬೆಳಿಗ್ಗೆ ದಾರಿಯ ನಕ್ಷೆಯನ್ನೂ ಮರಳುವ ಸಮಯವನ್ನೂ ಅವರಲ್ಲಿ ಕೊಟ್ಟು ಬಂದಿದ್ದರಂತೆ. ನಿಗದಿಯಾದ ಗಡುವಿನೊಳಗೆ ಕರೆ ಬಾರದಿದ್ದರೆ ಹುಡುಕಲು ಜನ ಕಳಿಸುವುದು ಅವರ ಹೊಣೆ. ಆ ಮೇಲೆಯೇ ಎಲ್ಲರಿಗೂ ಕೃತಜ್ಞತೆ, ಮಾತುಕತೆ, ಗುಂಪಿನ ಫೋಟೋ ಎಲ್ಲವೂ.

ತೊಡೆಯ ನೋವು ಹೇಳಿದಂತೆಯೇ ಎರಡನೆಯ ದಿನ ಹೆಚ್ಚಾಗಿ ಮೂರನೆಯ ದಿನಕ್ಕೆ ಇಳಿಯಿತು. ಅದಾದ ನಂತರ ಇಂಥ ನಡಿಗೆಗಳಿಗೆ ಹೆಸರು ಕೊಡುವ ಮುಂಚೆ ನಾನು ಆಯೋಜಕರನ್ನು ಕೇಳುವ ಪ್ರಶ್ನೆಗಳು ಬದಲಾಗಿವೆ. ಯಾವ ಹಕ್ಕಿ ಕಾಣಸಿಗುತ್ತದೆ, ನೆತ್ತಿಯಿಂದ ಏನೇನು ಕಾಣುತ್ತದೆ ಎಂಬುದನ್ನು ಆಮೇಲೆ ಕೇಳುತ್ತೇನೆ. ಗುಂಪಿನಲ್ಲಿ ಎಷ್ಟು ಮಂದಿ, ಒಟ್ಟು ಏರು ಎಷ್ಟು, ಕೊನೆಯಲ್ಲಿ ನಡೆಯಲು ಯಾರನ್ನು ನೇಮಿಸಿದ್ದೀರಿ ಎಂದು ಮೊದಲು ಕೇಳುತ್ತೇನೆ. ಮೂರನೆಯ ಪ್ರಶ್ನೆಗೆ “ಅದೇನು ಬೇಕಾಗುವುದಿಲ್ಲ, ಎಲ್ಲರೂ ಒಟ್ಟಿಗೇ ಇರುತ್ತೇವಲ್ಲ” ಎಂಬ ಉತ್ತರ ಬಂದ ಕಡೆಗೆ ನಾನು ಹೋಗುವುದಿಲ್ಲ.